ಸ್ವಾಮಿ ನಾಲಿಗೆ ತೋರಿಸಿದ್ದು

ಚೈತ್ರಾ: ಹಂಗಲ್ಲ ಅಜ್ಜಿ! ಮೊದಲು ನಾಲ್ಗೆ ಹೊರಕ್ಕೆ ಚಾಚು. ಆಮೇಲೆ ಎರಡೂ ಅಂಚನ್ನ ಮೇಲಕ್ಕೆ ಮಡ್ಚು. ದೋಣಿ ತರ ಆಗ್ಬೇಕು.

ದೊಡ್ಡಲಕ್ಷ್ಮಮ್ಮ: ಆಆಆ...

ಚೈತ್ರಾ: ಅದು ಮಾರಮ್ಮನ ನಾಲ್ಗೆ ಆಯ್ತು. ದೋಣಿ ಆಗ್ನಿಲ್ಲ.

ದೊಡ್ಡಲಕ್ಷ್ಮಮ್ಮ: ಎಪ್ಪತ್ತೆರಡು ವರ್ಷ ಬರೀ ಬೈಯಕ್ಕೆ ಮಡಗಿದ್ದ ನಾಲ್ಗೆ ಕಣೆ ಇದು. ಇವತ್ತು ಮಡ್ಚು ಅಂದ್ರೆ ಎಲ್ಲಿ ಮಡ್ಚದು?

ಜೀನುಗಳು ಎಂಬುವು ಮನುಷ್ಯರ ಮೈಯೊಳಗೆ ಇವೆ, ಅವು ಅಪ್ಪ ಅಮ್ಮನಿಂದ ಮಕ್ಕಳಿಗೆ ಇಳಿಯುತ್ತವೆ ಎಂದು ದೊಡ್ಡಲಕ್ಷ್ಮಮ್ಮ ಮೊದಲ ಸಲ ಕೇಳಿದ್ದು ಆ ಗುರುವಾರ ಸಾಯಂಕಾಲ, ಕೂಟಗಲ್‌ನ ತಮ್ಮ ಮನೆ ಜಗಲಿಯ ಮೇಲೆ, ಅವರೆಕಾಯಿ ಸುಲಿಯುತ್ತ ಕೂತಿದ್ದಾಗ. ಹೇಳಿದವಳು ಮಗಳು ಭಾನುಪ್ರಿಯಳ ಮಗಳು ಚೈತ್ರಾ. ಕನಕಪುರದಾಚೆಯ ಊರಿನ ಹುಡುಗಿ. ರಾಮನಗರದಲ್ಲಿ ಸೆಕೆಂಡ್ ಪಿಯುಸಿ ಸೈನ್ಸು ಓದಲೆಂದು ಅಜ್ಜಿ ಮನೆಯಲ್ಲಿ ಇದ್ದಳು. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದವಳಿಗೆ ಜೀವಶಾಸ್ತ್ರ ಇದ್ದಕ್ಕಿದ್ದಂತೆ ಇಂಗ್ಲಿಷಾಗಿತ್ತು. ದಾಸವಾಳದ ಹೂ ಕೊಯ್ದು ಕೇಸರ ಬಿಡಿಸು ಎಂದರೆ ಊಟ ಬಿಟ್ಟು ಕೂರುವಳು. ಅದೇ ಕೇಸರದ ಹೆಸರು ಬರೆ ಎಂದರೆ ಪೆನ್ನಿನ ಹಿಂಬದಿ ಅಗಿದು ಪುಡಿ ಮಾಡುವಳು. ಇಡೀ ಪುಸ್ತಕದಲ್ಲಿ ಅವಳ ಕಣ್ಣಿಗೆ ಹಬ್ಬವಾಗಿದ್ದುದು ಒಂದೇ ಪುಟ. ಅದರಲ್ಲಿ ಅಕ್ಷರವೇ ಇರಲಿಲ್ಲ. ಗಂಡಸರಿಗೆ ಚೌಕ, ಹೆಂಗಸರಿಗೆ ಗುಂಡು, ನಡುವೆ ಗೆರೆ. ಒಂದು ಗುಣ ಯಾರಿಂದ ಯಾರಿಗೆ ಇಳಿಯಿತು ಎಂದು ತೋರಿಸುವ ವಂಶಾವಳಿಯ ಪಟ.

ಅದನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡಳು. ನಮ್ಮ ಮನೆಯಲ್ಲಿ ಯಾರಿಗೆ ನಾಲಿಗೆ ಮಡಚಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು. ಯಾರನ್ನೂ ಕೇಳದೆ ಕಾಲೇಜಿನಲ್ಲೇ ಕೂತು ಅಂದಾಜಿನಲ್ಲಿ ತುಂಬಿದ ಪಟಕ್ಕೆ ಸನಾವುಲ್ಲಾ ಮೇಷ್ಟ್ರು ಅಂದು ಬೆಳಿಗ್ಗೆ ಕೆಂಪು ಗೀಟು ಎಳೆದು ವಾಪಸು ಕೊಟ್ಟಿದ್ದರು.

ದೊಡ್ಡಲಕ್ಷ್ಮಮ್ಮ: ಅಲ್ಲ, ನನ್ ಗುಂಡಿನ ಮೇಲೆ ಯಾಕಮ್ಮಿ ಗೀಟು ಎಳೆದವ್ರೆ ಆವಯ್ಯ?

ಚೈತ್ರಾ: ಒಂದೇ ಹೆಂಗ್ಸು ಎರಡು ಸಾಲಲ್ಲಿ ಹೆಂಗೆ ಬಂದ್ಲು ಅಂತ. ಮೇಲಿನ ಸಾಲಲ್ಲಿ ತಾತನ ಪಕ್ಕ ಹೆಂಡ್ತಿ. ಕೆಳಗಿನ ಸಾಲಲ್ಲಿ ತಾತನ ಅಕ್ಕನ ಮಗಳು. ‘ಕಾಪಿ ಹೊಡೆಯೋದಾದ್ರೆ ನೆಟ್ಟಗೆ ಹೊಡಿ’ ಅಂದ್ರು.

ದೊಡ್ಡಲಕ್ಷ್ಮಮ್ಮ: ಸೋದರಮಾವನ್ನ ಕಟ್ಕಂಡ್ರೆ ಇನ್ನೆಲ್ಲಿಗೆ ಹೋಗ್ಲಿ ನಾನು? ನಮ್ಮವ್ವ ನಂಗೆ ನಾದ್ನಿ. ನಮ್ಮಜ್ಜಿ ನಂಗೆ ಅತ್ತೆ. ನಮ್ಮವ್ವ ಬೈದಾಗ ತಾಯಿ ಅಂತ ಅಳ್ಬೇಕಾ, ನಾದ್ನಿ ಅಂತ ತಿರುಗಿಸಿ ಬೈಬೇಕಾ ಅಂತ ನಂಗೇ ಇನ್ನೂ ತಿಳ್ದಿಲ್ಲ. ಮೇಷ್ಟ್ರಿಗೆ ಹೆಂಗೆ ತಿಳಿದಾತು?

ಚೈತ್ರಾ: ಹೇಳ್ದೆ ಅಜ್ಜಿ. ಹಂಗಾದ್ರೆ ತಾತ ಅಜ್ಜಿಯಿಂದ್ಲೇ ಶುರು ಮಾಡಿ ಒಂದೇ ಗುಂಡು ಹಾಕು, ಸಂಬಂಧದಲ್ಲೇ ಮದ್ವೆ ಆಗಿರೋದಕ್ಕೆ ಎರಡು ಗೆರೆ ಎಳಿ ಅಂದ್ರು. ಆಮೇಲೆ ಎಲ್ರ ನಾಲ್ಗೆನೂ ಕಣ್ಣಾರೆ ನೋಡಿ ಬರಿ ಅಂದ್ರು. ಒಂದು ಪ್ರಶ್ನೆ ಗುರುತು ಇದ್ರೂ ಸೈನ್ ಹಾಕಲ್ವಂತೆ. ನಾಳೆನೇ ಕಡೆ ದಿನ. ಸೈನ್ ಇಲ್ದಿದ್ರೆ ಪ್ರಾಕ್ಟಿಕಲ್‌ಗೆ ಕೂರಿಸಲ್ಲ.

ದೊಡ್ಡಲಕ್ಷ್ಮಮ್ಮ: ನಿಮ್ಮವ್ವಂದು?

ಚೈತ್ರಾ: ವಿಡಿಯೋ ಕಾಲಲ್ಲಿ ನೋಡ್ದೆ. ಅಮ್ಮಂಗೆ ಬರಲ್ಲ. ಗುಂಡು ಖಾಲಿ. ಅಪ್ಪಂಗೆ ಬರ್ತದೆ, ನಂಗೂ ಬರ್ತದೆ. ಇಬ್ರದೂ ಕಪ್ಪು. ಉಳ್ದಿರೋದು ತಾತಂದು, ಮಾವಂದು.

ದೊಡ್ಡಲಕ್ಷ್ಮಮ್ಮ: ನಿಮ್ ತಾತಂದು ಬರ್ಕೋ, ಕಪ್ಪು.

ಚೈತ್ರಾ: ಸತ್ತೋರದ್ದಕ್ಕೆ ಕಂಡಿರೋರ ಸಾಕ್ಷಿ ಬೇಕು.

ದೊಡ್ಡಲಕ್ಷ್ಮಮ್ಮ: ನಾನೇ ಕಣೆ ಸಾಕ್ಷಿ. ಧಾರೆಗೆ ನಿಂತಿದ್ದೀವಿ, ಮಧ್ಯೆ ಅಂತರಪಟ ಹಿಡ್ದವ್ರೆ. ನಿನ್ನೆವರ್ಗೂ ಮಾವ ಮಾವ ಅಂತಿದ್ದೋನು ಇವತ್ತು ಗಂಡ ಆಯ್ತಾವ್ನಲ್ಲ ಅಂತ ನಾನು ಬೆವ್ರುತಾ ಇದ್ರೆ, ಆ ಮನುಷ್ಯ ಪಟದ ಅಂಚಿಂದ ನಾಲ್ಗೆ ಈಚೆಗೆ ಹಾಕಿ, ಹಿಂಗೆ ಕೊಳವೆ ಮಾಡಿ ಅಣಕಿಸ್ತು. ಐನೋರು ನೋಡ್ಬುಟ್ಟು ಮಂತ್ರನೇ ಮರ್ತ್ರು. ಅರ್ಧ ಮಂತ್ರದಲ್ಲೇ ನಮ್ ಮದ್ವೆ ಆಗಿರದು. ಬರ್ಕೋ ಅದನ್ನೂ.

ಚೈತ್ರಾ ಬರೆದುಕೊಂಡಳು. ಹೊಸ ಹಾಳೆಯಲ್ಲಿ ತಾತನ ಚೌಕಕ್ಕೆ ಕಪ್ಪು ತುಂಬಿ, ತೀರಿಕೊಂಡವರ ಗುರುತಿಗೆಂದು ಅದರ ಮೇಲೆ ಓರೆಯಾಗಿ ಒಂದು ಗೆರೆ ಎಳೆದಳು. ದೊಡ್ಡಲಕ್ಷ್ಮಮ್ಮ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಎರಡನೆಯ ಕ್ಲಾಸಿಗೇ ಇಸ್ಕೂಲು ಬಿಟ್ಟವಳು. ಚೈತ್ರಾಳ ದಪ್ಪ ಪುಸ್ತಕಗಳಲ್ಲಿ ಅವಳಿಗೆ ಓದಲು ಬಂದ ಪುಟ ಇದೊಂದೇ. ಇದು ಗಂಡ, ಇದು ನಾನು, ಇದು ನನ್ನ ಮಗಳು, ಇದು ನನ್ನ ಮಗ ಎಂದು ಬೆರಳಿಟ್ಟು ಎರಡು ಸಲ ಓದಿದಳು.

ಅಷ್ಟರಲ್ಲಿ ಮಗ ಸ್ವಾಮಿ ಬಿಡದಿ ಫ್ಯಾಕ್ಟರಿಯ ಬಸ್ಸಿಳಿದು ಬಂದ. ಕೈಯಲ್ಲಿದ್ದ ಡಬ್ಬಿ ಇನ್ನೂ ಕೆಳಗಿಟ್ಟಿರಲಿಲ್ಲ.

ಚೈತ್ರಾ: ಮಾವ, ಒಂದ್ ನಿಮಿಷ ನಾಲ್ಗೆ ತೋರ್ಸು.

ಸ್ವಾಮಿ: ಯಾಕೆ, ಜ್ವರ ನೋಡ್ತೀಯಾ? ಏನದು ಕೈಲಿ? ಕೊಡಿಲ್ಲಿ.

ಹಾಳೆ ತಗೊಂಡ. ನೋಡಿದ. ತಿರುಗಿಸಿ ನೋಡಿದ. ಡಬ್ಬಿಯನ್ನು ಮೆಲ್ಲಗೆ ಜಗಲಿಯ ಮೇಲಿಟ್ಟ.

ಸ್ವಾಮಿ: ಅವ್ವ, ಯಾವಾಗಿಂದ ನಡೀತೈತೆ ಇದು?

ದೊಡ್ಡಲಕ್ಷ್ಮಮ್ಮ: ಯಾವ್ದ್ಲಾ?

ಸ್ವಾಮಿ: ಏನೂ ಗೊತ್ತಿಲ್ದಂಗೆ ಆಡ್ಬ್ಯಾಡ. ಅಪ್ಪ ಸತ್ತು ಎರಡ್ವರ್ಷ ಆಯ್ತು. ಬಿಡದಿ ದಿಕ್ಕಿನ ಎರಡೆಕ್ರೆ ಖಾತೆ ಇನ್ನೂ ಆಗ್ನಿಲ್ಲ. ವಂಶಾವಳಿ ಮಾಡಿಸ್ಕಂಡು ಬಾ ಅಂತ ತಾಲೂಕಾಪೀಸ್‌ನೋರು ನಂಗೆ ಹೇಳವ್ರೆ. ನಾನು ಇವತ್ತು ನಾಳೆ ಅಂತಿದ್ರೆ ನೀವಿಬ್ರು ಜಗಲೀಲಿ ಕೂತು ಬರೆದೇ ಬುಟ್ರಾ?

ಚೈತ್ರಾ: ಅಯ್ಯೋ ಮಾವ, ಇದು ಬಯಾಲಜಿ!

ಸ್ವಾಮಿ: ಬಯಾಲಜೀನೋ ಗಿಯಾಲಜೀನೋ. ಅಪ್ಪನ ಮೇಲೆ ಯಾಕೆ ಅಡ್ಡಗೆರೆ? ಹೆಸರು ಹೊಡೆದಾಕ್ಬುಟ್ರಾ?

ಚೈತ್ರಾ: ಸತ್ತೋರಿಗೆ ಹಂಗೇ ಎಳೆಯೋದು.

ಸ್ವಾಮಿ: ಈ ಎರಡು ಗೆರೆ? ಎರಡು ಪಾಲು ಅಂತ್ಲಾ?

ದೊಡ್ಡಲಕ್ಷ್ಮಮ್ಮ: ಅದು ನನ್ ಮದ್ವೆ ಕಣ್ಲಾ, ಮೂದೇವಿ.

ಸ್ವಾಮಿ: ಎಲ್ರದೂ ಕಪ್ಪೋ ಖಾಲಿನೋ ಮಾಡಿ, ನಂದು ಒಬ್ಬಂದು ಮಾತ್ರ ಪ್ರಶ್ನೆ ಹಾಕಿದೀರಿ! ನಾನೇನು ಈ ಮನೆ ಮಗ ಹೌದೋ ಅಲ್ವೋ ಅಂತ್ಲಾ?

ಚೈತ್ರಾ: ನೀನು ನಾಲ್ಗೆ ತೋರಿಸಿಲ್ವಲ್ಲ, ಅದಕ್ಕೆ.

ಸ್ವಾಮಿ: ಭಾನುದು ಗುಂಡು, ನಂದು ಚೌಕ. ಅಳತೆ ನೋಡವ್ವ ಅಳತೆ! ಸರಿಸಮ ಮಾಡವ್ಳೆ! ಮದ್ವೆ ಮಾಡಿ ಕಳ್ಸಿರೋ ಹೆಣ್ಣುಮಗಳನ್ನ ತಂದು ನನ್ ಪಕ್ಕಕ್ಕೆ ಒಂದೇ ಸಾಲಲ್ಲಿ ಕೂರ್ಸವ್ಳೆ!

ಚೈತ್ರಾ: ಒಡಹುಟ್ಟಿದೋರು ಒಂದೇ ಸಾಲಲ್ಲಿ ಬರೋದು ಮಾವ. ರೂಲ್ಸು.

ಸ್ವಾಮಿ: ಗೊತ್ತು ಗೊತ್ತು, ಆ ರೂಲ್ಸು ನಂಗೂ ಗೊತ್ತು. ಅದಕ್ಕೇ ಹೆದರಿರದು.

ಎರಡೆಕರೆಯ ಮಾತು ಅಲ್ಲಿಯತನಕ ದೊಡ್ಡಲಕ್ಷ್ಮಮ್ಮನ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಸ್ವಾಮಿಯೇ ತಂದು ಮುಂದಿಟ್ಟ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

ಸ್ವಾಮಿ: ನಾಲ್ಗೆ ತೋರಿಸಲ್ಲ. ಹೆಬ್ಬೆಟ್ಟೂ ಒತ್ತಲ್ಲ, ಸೈನೂ ಹಾಕಲ್ಲ. ಏನ್ ಮಾಡ್ಕತೀರೋ ಮಾಡ್ಕಳಿ.

ಎಂದು ಬಾಯಿ ಮುಚ್ಚಿದ. ಮುಚ್ಚಿದ ಬಾಯಿಯ ಮೇಲೆ ಅಂಗೈ ಬೇರೆ ಇಟ್ಟುಕೊಂಡ. ಚೈತ್ರಾಳ ಕಣ್ಣಲ್ಲಿ ನೀರು ತುಂಬಿತು.

ಚೈತ್ರಾ: ಎರಡು ವರ್ಷದಿಂದ ಒಂದೊಂದು ಸ್ಪೆಲ್ಲಿಂಗೂ ನೂರ್ ನೂರ್ ಸಲ ಬರ್ದು ಕಲ್ತಿದೀನಿ ಅಜ್ಜಿ. ಈಗ ಒಂದು ನಾಲ್ಗೆಯಿಂದ ಎಕ್ಸಾಮು ಹೋಯ್ತದೆ. ಅತ್ತೆಗಾದ್ರೂ ಗೊತ್ತಾ ಕೇಳ್ತೀನಿ, ಇರು.

ಸ್ವಾಮಿಯ ಹೆಂಡತಿ ನವ್ಯಶ್ರೀ ಮಾಗಡಿಗೆ, ತೌರಿಗೆ ಹೋಗಿದ್ದಳು. ಚೈತ್ರಾ ಫೋನನ್ನು ಸ್ಪೀಕರಿಗೆ ಹಾಕಿದಳು.

ಫೋನಿನಲ್ಲಿ ನವ್ಯಶ್ರೀ: ನಿಮ್ ಮಾವನ ನಾಲ್ಗೆನಾ? ಉದ್ದ ಐತೆ ಅಂತ ಗೊತ್ತು ಕಣಮ್ಮ. ಮಡ್ಚೋದಂತೂ ನಾನು ಮದ್ವೆ ಆದಾಗ್ಲಿಂದ ಕಂಡಿಲ್ಲ. ಮಡ್ಚಿದ್ರೆ ನಂಗೂ ಒಂದು ಫೋಟೋ ಕಳ್ಸು.

ಸ್ವಾಮಿ ಕೈಯೊಳಗಿಂದಲೇ ‘ಹ್ಞುಂ’ ಎಂದು ಗುರುಗುಟ್ಟಿದ. ಬಾಯಿ ಮಾತ್ರ ತೆಗೆಯಲಿಲ್ಲ.

ದೊಡ್ಡಲಕ್ಷ್ಮಮ್ಮ ಒಳಗೆ ಹೋಗಿ ಬಿಸಿ ಮುದ್ದೆ, ಕುದಿಯುವ ಅವರೆಕಾಳಿನ ಸಾರು ತಂದು ಮಗನ ಮುಂದಿಟ್ಟಳು. ಬಾಯಿ ಸುಟ್ಟರೆ ನಾಲಿಗೆ ತಾನಾಗಿ ಹೊರಗೆ ಬರುತ್ತದೆ ಎಂಬುದು ಅವಳ ಲೆಕ್ಕ. ಸ್ವಾಮಿ ಮುದ್ದೆ ಮುರಿದು, ಸಾರಿನಲ್ಲಿ ಉರುಳಿಸಿ, ಗುಳುಕ್ಕನೆ ನುಂಗಿದ.

ಚೈತ್ರಾ: (ಪಿಸುಗುಟ್ಟುತ್ತ) ಅಜ್ಜಿ, ಮುದ್ದೆನ ಯಾರಾದ್ರೂ ಅಗಿತಾರಾ? ನಾಲ್ಗೆಗೆ ಕೆಲ್ಸನೇ ಇಲ್ಲ ಅದ್ರಲ್ಲಿ. ಚಪಾತಿ ಮಾಡ್ಬೇಕಿತ್ತು.

ದೊಡ್ಡಲಕ್ಷ್ಮಮ್ಮ: ಅವ್ನು ಬೆಂಕಿ ಇಕ್ಕಿದ್ರೂ ನುಂಗ್ತಾನೆ. ಬುಡು, ಆ ಪ್ರಶ್ನೆ ತೆಗ್ದು ಖಾಲಿ ಅಂತ್ಲೇ ಬರ್ಕೋ.

ಚೈತ್ರಾ: ಕಣ್ಣಾರೆ ನೋಡ್ದೆ ಹೆಂಗಜ್ಜಿ ಬರೀಲಿ?

ದೊಡ್ಡಲಕ್ಷ್ಮಮ್ಮ: ನೋಡೋದೇನೈತೆ? ನನ್ ಮೊದ್ದು ನಾಲ್ಗೆನೇ ಅವ್ನಿಗೆ ಬಂದಿರದು. ಅವ್ರಪ್ಪನ ನಾಲ್ಗೆ ಇಳ್ದಿರೋದು ಭಾನುಗೆ. ಚಿಕ್ಕೋಳಿದ್ದಾಗಿಂದ್ಲೂ ವೀಳ್ಯದೆಲೆ ಸುತ್ತಿದಂಗೆ ಸುತ್ತೋಳು. ನಿಮ್ ತಾತ ಅವ್ಳನ್ನ ತೊಡೆ ಮೇಲೆ ಕೂರಿಸ್ಕಂಡು, ‘ನನ್ ವಂಶ ಅಂದ್ರೆ ಇವ್ಳೇ’ ಅಂತಿತ್ತು.

ಚೈತ್ರಾ ಬಾಯಿ ತೆರೆದಳು. ಅಮ್ಮನ ಗುಂಡು ಖಾಲಿ ಎಂದು ಅವಳೇ ಆಗತಾನೆ ಹೇಳಿದ್ದಳು. ಅಜ್ಜಿ ಅವಳ ತೊಡೆಗೆ ಒಂದು ಚಿವುಟು ಕೊಟ್ಟಳು. ಬಾಯಿ ಮುಚ್ಚಿದಳು.

ಸ್ವಾಮಿ: (ಮುದ್ದೆಯ ಕೈ ಗಾಳಿಯಲ್ಲಿ ನಿಂತಿತು) ಯಾರ್ಗೆ? ಭಾನುಗಾ?

ದೊಡ್ಡಲಕ್ಷ್ಮಮ್ಮ: ಇನ್ಯಾರ್ಗೆ? ನೀನು ಉಣ್ಣಪ್ಪ.

ಸ್ವಾಮಿ: ಅಪ್ಪ ನಂಗೆ ಹೇಳ್ಕೊಟ್ಟಿದ್ದು ಕಣವ್ವ! ಕೆರೆ ಏರಿ ಮೇಲೆ! ಭಾನು ಎಷ್ಟು ತಿಣುಕಿದ್ರೂ ಆಗ್ತಿರ್ನಿಲ್ಲ, ಅತ್ಕಂಡು ಮನೆಗೆ ಬತ್ತಿದ್ಲು!

ದೊಡ್ಡಲಕ್ಷ್ಮಮ್ಮ: ಬಾಯಿಮಾತಲ್ಲಿ ಎಲ್ರಿಗೂ ಬರ್ತದೆ ಮಗ.

ಸ್ವಾಮಿ: ಬಾಯಿಮಾತಾ? ನೋಡು! ಲೇ ಚೈತ್ರಾ, ನೀನೂ ನೋಡು!

ಎಂದವನೇ ನಾಲಿಗೆ ಹೊರಗೆ ಹಾಕಿದ. ಅವರೆಕಾಳಿನ ಸಿಪ್ಪೆಯೊಂದು ತುದಿಗೆ ಅಂಟಿಕೊಂಡಿತ್ತು. ಎರಡೂ ಅಂಚು ಮೇಲೆದ್ದು, ಬಾಗಿ, ಒಂದಕ್ಕೊಂದು ಮುಟ್ಟಿ ಕೊಳವೆಯಾಯಿತು. ದೊಡ್ಡಲಕ್ಷ್ಮಮ್ಮನಿಗೆ ಒಂದು ಗಳಿಗೆ ಅಂತರಪಟದ ಅಂಚೇ ಕಂಡಂತಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡಳು. ಚೈತ್ರಾ ಮೊದಲು ಫೋಟೋ ತೆಗೆದಳು. ಆಮೇಲೆ ಮಾವನ ಚೌಕದ ಪ್ರಶ್ನೆ ಗುರುತಿನ ಮೇಲೆ ಕಪ್ಪು ಪೆನ್ನಿನಿಂದ ಒತ್ತಿ ಒತ್ತಿ, ಹಾಳೆ ಹರಿಯುವಷ್ಟು ತುಂಬಿದಳು.

ಚೈತ್ರಾ: ಮುಗೀತು! ಮಾವ, ನಿಂಗೆ ನಾಳೆ ಮೈಸೂರ್‌ಪಾಕ್ ತತ್ತೀನಿ!

ಸ್ವಾಮಿ: (ಎದೆಯುಬ್ಬಿಸಿ) ನೋಡ್ದಾ ಅವ್ವ? ಅಪ್ಪಂದು ಬಂದಿರದು ನಂಗೆ. ನಂಗೊಬ್ಬಂಗೇ! ಭಾನುದು ಯಾವ್ ಬಣ್ಣ ಐತೆ ತೋರ್ಸು ಚೈತ್ರಾ.

ಚೈತ್ರಾ: ಅಮ್ಮಂದು ಖಾಲಿ ಮಾವ. ಅಮ್ಮಂಗೆ ಏನೂ ಬಂದಿಲ್ಲ.

ಸ್ವಾಮಿ: ಹಾಂ! ಕೇಳುಸ್ಕೊ! ಏನೂ ಬಂದಿಲ್ಲ! ಅಪ್ಪನ ಆಸ್ತಿ ಪೂರ್ತಿ ನನ್ ಬಾಯಲ್ಲೈತೆ!

ದೊಡ್ಡಲಕ್ಷ್ಮಮ್ಮ: ಅಲ್ಲಾ ಚೈತ್ರಾ, ಈ ಹಾಳೆ ಮೇಲೆ ಮೇಷ್ಟ್ರು ಸೈನ್ ಹಾಕ್ತಾರೆ ಅಂದ್ಯಲ್ಲ. ಸೀಲೂ ಬೀಳ್ತದಾ?

ಚೈತ್ರಾ: ಸೀಲೂ ಬೀಳ್ತದೆ.

ದೊಡ್ಡಲಕ್ಷ್ಮಮ್ಮ: ಸರ್ಕಾರಿ ಕಾಲೇಜ್ ಸೀಲು. ಒಳ್ಳೇದಾಯ್ತು. ಎರಡು ಜೆರಾಕ್ಸ್ ಮಾಡಿಸ್ಕಂಡು ಬಾ. ಒಂದು ನಿಮ್ಮವ್ವಂಗೆ, ಒಂದು ನಂಗೆ.

ಸ್ವಾಮಿ: (ತುತ್ತು ಕೈಯಲ್ಲೇ) ನಿಂಗ್ಯಾಕವ್ವ?

ದೊಡ್ಡಲಕ್ಷ್ಮಮ್ಮ: ನಾಳಿದ್ದು ಭಾನುನ ಕರ್ಕಂಡು ರಾಮನಗ್ರಕ್ಕೆ ಹೋಗಿಬತ್ತೀನಿ. ಖಾತೆ ವಿಚಾರ ನಾನು ಮರೆತೇ ಬುಟ್ಟಿದ್ದೆ ಕಣಪ್ಪ, ನೀನು ಗೆಪ್ತಿ ಮಾಡ್ದೆ, ಪುಣ್ಯ ಬರ್ಲಿ. ಸಾಲೂ ಒಂದೇ, ಅಳತೆನೂ ಒಂದೇ ಅಂತ ತೋರ್ಸಿಕೊಟ್ಟೋನೂ ನೀನೇ.

ಸ್ವಾಮಿ: ಅವ್ವ! ನಾಲ್ಗೆ ತೋರಿಸ್ನಿಲ್ವಾ ನಾನು? ಅಪ್ಪಂದು ನಂಗೇ ಬಂದೈತೆ ಅಂತ ಕಣ್ಣಾರೆ ನೋಡಿಲ್ವಾ?

ದೊಡ್ಡಲಕ್ಷ್ಮಮ್ಮ: ನೋಡ್ದೆ. ಅದಕ್ಕೇ ಹೇಳದು. ನಿಮ್ಮಪ್ಪನ ನಾಲ್ಗೆ ಪೂರ್ತಿ ನಿಂಗೇ ಬಂತು, ಒಂದು ಚೂರೂ ಭಾನುಗೆ ಬರ್ನಿಲ್ಲ. ಪಾಪ, ಹೆಣ್ಮಗ. ಅವ್ಳಿಗೂ ಏನಾದ್ರೂ ಒಸಿ ಬರ್ಬೇಕಲ್ಲಪ್ಪ?

ಸ್ವಾಮಿ ಮುದ್ದೆ ತಟ್ಟೆ ಸರಿಸಿದ. ಎಡಗೈಯಲ್ಲಿ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು, ತನ್ನ ಕಪ್ಪು ಚೌಕವನ್ನು ಹೆಬ್ಬೆರಳಿನಿಂದ ಒಂದು ಸಲ ತಿಕ್ಕಿ ನೋಡಿದ. ಪೆನ್ನಿನ ಮಸಿ ಜಗ್ಗಲಿಲ್ಲ. ಇನ್ನೊಂದು ಸಲ ತಿಕ್ಕಿದ. ಆಮೇಲೆ ತಲೆಯೆತ್ತಿ, ಎಂಟು ವರ್ಷದ ಮಗುವಿನ ದನಿಯಲ್ಲಿ ತಾಯಿಯನ್ನು ಕೇಳಿದ:

ಸ್ವಾಮಿ: ಅವ್ವ... ಮನೇಲಿ ಒಂದು ರಬ್ಬರ್ ಇದ್ರೆ ಕೊಡವ್ವ.