ಕಿಟಕಿ ಕಡೆಯವರು, ಬಾಗಿಲು ಕಡೆಯವರು

ಒಂದು ಒಗಟು ಹೇಳುತ್ತೇನೆ, ಬಿಡಿಸಿ ನೋಡೋಣ. ಕಿಟಕಿ ಹತ್ತಿರ ಕೂತರೆ ಬಾಗಿಲಿನವನು, ಬಾಗಿಲ ಹತ್ತಿರ ಕೂತರೆ ಕಿಟಕಿಯವನು, ನಡುವೆ ಕೂತರೆ ಎರಡೂ ಕಡೆಯಿಂದ ತಲೆಗೆ ಮೊಟಕಿಸಿಕೊಳ್ಳುವವನು. ಯಾರು? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಗೊತ್ತಾಗುವುದಿಲ್ಲ. ಅದು ನಾನು.

ವಡಾಲದ ಒಂದು ಶಾಲೆಯ ಮಾಳಿಗೆಯ ಮೇಲೆ ಪ್ರತಿ ಭಾನುವಾರ ನಮ್ಮ ಕನ್ನಡ ಕ್ರೈಸ್ತ ಸಭೆಯ ಆರಾಧನೆ. ಕಿಟಕಿ ಪಕ್ಕ ಮಂಗಳೂರು, ಉಡುಪಿ ಕಡೆಯವರು. ಬಾಗಿಲ ಪಕ್ಕ ಧಾರವಾಡ, ಬೆಳಗಾವಿ ಕಡೆಯವರು. ನಮ್ಮಮ್ಮ ಕಿಟಕಿ, ಅಪ್ಪ ಬಾಗಿಲು. ನಾನು ಆರನೇ ಕ್ಲಾಸಿಗೇ ಪುಸ್ತಕಕ್ಕೆ ಕೈಮುಗಿದು, ಧಾರಾವಿಯಲ್ಲಿ ಚಪ್ಪಲಿಗೆ ಅಟ್ಟೆ ಅಂಟಿಸುವ ಕೆಲಸಕ್ಕೆ ಸೇರಿದವನು. ಅಂಟಿಸುವುದೇ ನನ್ನ ಕಸುಬಾದರೂ ಈ ಎರಡು ತುಂಡು ಮಾತ್ರ ಯಾವ ಅಂಟಿಗೂ ಕೂಡುತ್ತಿರಲಿಲ್ಲ. ಹಾಗಾಗಿ ಏನಾದರೊಂದು ಪಜೀತಿಯಾಗದೆ ನಮ್ಮ ಭಾನುವಾರ ಮುಗಿದದ್ದೇ ಇಲ್ಲ.

೧. ಎಕೋ

ಗೀತೆ ಒಂದೇ, ಸಾಲುಗಳೂ ಅವೇ. ಆದರೆ ಕಿಟಕಿ ಕಡೆಯವರು ಅದನ್ನು ಮಿಷನ್ನಿನ ಸಾಹೇಬರು ಕಲಿಸಿದ ರಾಗದಲ್ಲಿ ರಬ್ಬರಿನಂತೆ ಎಳೆಯುತ್ತಾರೆ. ಬಾಗಿಲಿನವರು ಚಪ್ಪಾಳೆ ತಟ್ಟಿ ಭಜನೆಯ ಹಾಗೆ ಓಡಿಸುತ್ತಾರೆ. ಇವರು ಆಮೆನ್ ಅಂದು ಕೂತು ಕರ್ಚೀಫಿನಿಂದ ಗಾಳಿ ಹಾಕಿಕೊಳ್ಳುವಾಗ ಅವರು ಇನ್ನೂ ಮೊದಲ ಚರಣದಲ್ಲೇ ಇರುತ್ತಾರೆ.

ಶಾಲೆಯ ವಾಚ್‌ಮನ್ ಮರಾಠಿಯವನು. ಒಂದು ದಿನ ನನ್ನನ್ನು ತಡೆದು, ಮೇಲೆ ಚರ್ಚು ಎಷ್ಟಿವೆ ಅಂತ ಕೇಳಿದ. ಚರ್ಚು ಒಂದೇ ಮಾಮಾ, ಎಕೋ ಸ್ವಲ್ಪ ಜಾಸ್ತಿ ಅಂದೆ.

೨. ಒಗ್ಗಟ್ಟಿನ ಪಾಠ

ಹೀಗಿರುವಾಗ ಸುದ್ದಿ ಬಂತು. ಊರಿನ ಸಭೆಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ಅಯ್ಯನವರು ನಮ್ಮನ್ನು ನೋಡಲು ಬರುತ್ತಾರೆ. ಸಭೆ ಎರಡು ಹೋಳಾಗಿರುವುದು ನಿಜವಾದರೆ ಕನ್ನಡ ಆರಾಧನೆ ಬಂದ್. ಎಲ್ಲರೂ ಪಕ್ಕದ ಮರಾಠಿ ಸಭೆಗೆ ಹೋಗಬೇಕು. ನಮಗೆ ಆರಾಧನೆ ನಡೆಸುವ ಉಪದೇಶಿಗಳಿಗೆ ಮರಾಠಿಯಲ್ಲಿ ನೀರು ಕೇಳುವುದಕ್ಕೂ ಬರುವುದಿಲ್ಲ. ಹೆಣ್ಣುಮಕ್ಕಳಂತೂ, ನಮ್ಮ ಕಷ್ಟ ದೇವರಿಗೆ ಯಾವ ಭಾಷೆಯಲ್ಲಿ ಹೇಳುವುದು ಅಂತ ಕಣ್ಣೊರೆಸಿಕೊಂಡರು.

ಆ ವಾರದ ಸಂಡೇ ಕ್ಲಾಸಿನಲ್ಲಿ ಉಪದೇಶಿಗಳು ಒಗ್ಗಟ್ಟಿನ ಪಾಠವನ್ನೇ ತೆಗೆದರು. ಸತ್ಯವೇದದಲ್ಲಿ ಒಂದೇ ಮನಸ್ಸಿನಿಂದ ಇದ್ದವರು ಯಾರು ಅಂತ ಕೇಳಿದರು. ನಾನು ಕೈ ಎತ್ತಿ, ಅನನೀಯ ಮತ್ತು ಅವನ ಹೆಂಡತಿ ಸಪ್ಫೈರ ಅಂದೆ. ಹೊಲ ಮಾರಿದ ವಿಷಯದಲ್ಲಿ ಮೊದಲೇ ಮಾತಾಡಿಕೊಂಡು, ಪೇತ್ರನ ಮುಂದೆ ಒಂದೇ ಸುಳ್ಳು ಹೇಳಿ ಬಿದ್ದು ಸತ್ತ ಜೋಡಿ ಅದು.

ಉಪದೇಶಿಗಳು ನನ್ನ ಕಿವಿ ಹಿಡಿದರು. "ತೋರಿಸಲಿಕ್ಕೆ ಒಂದಾಗುವುದು ಬೇರೆ, ಒಬ್ಬರಿಗೊಬ್ಬರು ಆಗುವುದು ಬೇರೆ. ಬಾಬೆಲಿನ ಗೋಪುರ ಕಟ್ಟಿದವರಿಗೂ ಒಂದೇ ಭಾಷೆ ಇತ್ತು. ಏನಾಯಿತು? ದೇವರು ಭಾಷೆ ಕಲಸಿ ದಿಕ್ಕಾಪಾಲು ಮಾಡಿದ."

"ಅದು ಸರಿ, ಉಪದೇಶಿಗಳೇ," ಅಂದೆ, "ಆದರೆ ಅನನೀಯನೂ ಹೆಂಡತಿಯೂ ಸತ್ತದ್ದು ಸಹ ಒಂದೇ ದಿನ. ಇದಕ್ಕಿಂತ ಒಗ್ಗಟ್ಟು ಬೇಕಾ?"

೩. ಸ್ವಾಗತ

ಎರಡೂ ಕಡೆಯ ಹಿರಿಯರು ಸೇರಿ ಒಂದು ಉಪಾಯ ಹೂಡಿದರು. ಆ ದಿನ ಒಬ್ಬ ಕಿಟಕಿ, ಒಬ್ಬ ಬಾಗಿಲು, ಹೀಗೆ ಹೂವು ಪೋಣಿಸಿದಂತೆ ಕೂರಬೇಕು. ಇವರು ಅವರ ಮಾತು ಆಡಬೇಕು, ಅವರು ಇವರದ್ದು. ಇದು ಬರೀ ನಾಟಕ ಅಲ್ಲವೇ ಅಂತ ಉಪದೇಶಿಗಳು ಹಿಂದೆಮುಂದೆ ನೋಡಿದರು. ಅಲ್ಲ ಅಂತ ಎರಡೂ ಕಡೆಯವರು ಒಟ್ಟಿಗೆ ಹೇಳಿದರು. ಇವರೆಲ್ಲ ಒಂದೇ ಮಾತು ಒಂದೇ ಸಲ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡೂ ಬಲ್ಲವನೆಂದು ಮಾತು ಕಲಿಸುವ ಕೆಲಸ ನನಗೆ ಬಿತ್ತು. ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಟ್ಟ ಹಾಗಾಯಿತು. ಕಿಟಕಿಯವರಿಗೆ "ಬರ್ರೀ, ಕುಂದರ್ರೀ" ಸರಿಯಾಗಿಯೇ ಕಲಿಸಿದೆ, ಅಮ್ಮ ಪಕ್ಕದಲ್ಲೇ ಇದ್ದಳು. ಧಾರವಾಡದ ಹಿರಿಯರಿಗೆ ಮಾತ್ರ, ತುಳುವಿನಲ್ಲಿ ಬನ್ನಿ ಅನ್ನಲು "ಪೋಲೆ" ಅನ್ನಬೇಕು ಅಂದೆ. ಅದರ ಅರ್ಥ ಹೋಗಿ ಅಂತ.

ದೊಡ್ಡ ಅಯ್ಯನವರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ಹಿರಿಯರು ಹಾರ ಹಾಕಿ, ಸೊಂಟ ಬಗ್ಗಿಸಿ, ತುಂಬಾ ಭಕ್ತಿಯಿಂದ, "ಪೋಲೆ, ಪೋಲೆ" ಅಂದರು. ಅಯ್ಯನವರು ಹಿಂದೆ ಉಡುಪಿಯಲ್ಲಿ ಇದ್ದವರಂತೆ, ತುಳು ಚೆನ್ನಾಗಿ ಬರುತ್ತಿತ್ತು.

"ಹೋಗುತ್ತೇನಪ್ಪ," ಅಂದರು, "ಹಾರ ಹಾಕಿ ಕಳಿಸುವವರನ್ನು ಇಲ್ಲೇ ನೋಡಿದ್ದು."

೪. ಹೆಸರಿಲ್ಲದ ಪ್ರಾರ್ಥನೆ

ನಾವು ಪೋಣಿಸಿದಂತೆ ಕೂತಿದ್ದನ್ನು ಅಯ್ಯನವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಪ್ರತಿಯೊಬ್ಬರೂ ಪಕ್ಕದವರ ಹೆಸರು ಹಿಡಿದು ಗಟ್ಟಿಯಾಗಿ ಪ್ರಾರ್ಥನೆ ಮಾಡಿ ಅಂದರು.

ಇಷ್ಟು ವರ್ಷ ಅವರು ಇವರಿಗೆ ಕಿಟಕಿಯವರು, ಇವರು ಅವರಿಗೆ ಬಾಗಿಲಿನವರು, ಅಷ್ಟೇ. ಹೆಸರು ಯಾರಿಗೆ ಗೊತ್ತು? ಕೊನೆಗೆ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆ ಮಾಡುವವರೊಬ್ಬರು ಧೈರ್ಯ ಮಾಡಿ ಕಣ್ಣು ಮುಚ್ಚಿದರು.

"ದೇವರೇ, ಇವರನ್ನು ಆಶೀರ್ವದಿಸು. ಇವರು ಯಾರು ಅಂತ ನಿನಗೆ ಗೊತ್ತೇ ಉಂಟಲ್ಲ."

೫. ಮೆಟ್ಟಿಲು

ಅಯ್ಯನವರು ನಗಲಿಲ್ಲ. ಮುಂದಿನ ಭಾನುವಾರದಿಂದ ಮರಾಠಿ ಸಭೆಗೆ ಬನ್ನಿ ಅಂದುಬಿಟ್ಟರು. ಉಪದೇಶಿಗಳ ಮುಖ ನೋಡಲಾಗಲಿಲ್ಲ. ನಾನು ಕೂಡ ನೆಲ ನೋಡಿದೆ.

ಆಗ ಕಿಟಕಿ ಕಡೆಯ ಅಜ್ಜಿಯೊಬ್ಬರು ಎದ್ದರು, ನಾವೆಲ್ಲ ಬಾಯಮ್ಮ ಅಂತಲೇ ಕರೆಯುವುದು. ಅವರ ಪಕ್ಕದಲ್ಲಿ ಬಾಗಿಲು ಕಡೆಯವರು ಆಯಿ ಅನ್ನುವ ಅಜ್ಜಿ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಬೇಕೆಂದೇ ಅವರಿಬ್ಬರನ್ನು ಅಕ್ಕಪಕ್ಕ ಕೂರಿಸಿದ್ದು ನಾನೇ.

"ಹೆಸರು ಗೊತ್ತಿಲ್ಲ ಅಯ್ಯನವರೇ," ಅಂದರು ಬಾಯಮ್ಮ. "ಆದರೆ ಇವರಿಗೆ ಮೊಣಕಾಲು ನೋವು. ಮೆಟ್ಟಿಲಿನ ತಿರುವಿನಲ್ಲಿ ನಿಲ್ತಾರೆ. ಒಬ್ಬರೇ ಹಿಂದೆ ಉಳಿದೆ ಅಂತ ಬೇಸರ ಆಗಬಾರದು, ಅದಕ್ಕೆ ನಾನೂ ಸೆರಗು ಸರಿಮಾಡುವವಳ ಹಾಗೆ ನಿಲ್ತೇನೆ. ಪ್ರತಿ ವಾರ."

ಆಯಿ ತಿರುಗಿ ನೋಡಿದರು. "ಅದಕ್ಕ ನಿಂದರ್ತಿದ್ದೇನವ್ವಾ ನೀ? ನನ್ನ ಮೊಣಕಾಲಿಗೆ ಏನ್ ಧಾಡಿ ಆಗೇದ? ನಿನಗ ದಮ್ಮು ಹತ್ತತೈತಿ ಅಂತ ತಿಳದು ನಾ ನಿಂದರ್ತಿದ್ದೆ!"

ಇಷ್ಟು ವರ್ಷ ಇಬ್ಬರೂ ಆರಾಧನೆಗೆ ತಡವಾಗಿ ಬರುತ್ತಿದ್ದ ಗುಟ್ಟು ಇದು. ಹಾಲ್ ನಗುವಿನಲ್ಲಿ ಬಿದ್ದುಹೋಯಿತು. ಬಾಯಮ್ಮ ಮಾತ್ರ ನಗಲಿಲ್ಲ. ಆಯಿಯ ಕೈ ಹಿಡಿದುಕೊಂಡು, ಗಾಬರಿಯಲ್ಲಿ ಕನ್ನಡ ಮರೆತು, ತುಳುವಿನಲ್ಲೇ ಕೇಳಿದರು: "ನಮ ಓಡೆ ಪೋವೊಡು?"

ನಾವು ಎಲ್ಲಿಗೆ ಹೋಗಬೇಕು ಅಂತ ಅದರ ಅರ್ಥ. ತುಳುವಿನಲ್ಲಿ 'ನಾವು' ಎರಡು. 'ಎಂಕುಲು' ಅಂದರೆ ನಿಮ್ಮನ್ನು ಬಿಟ್ಟು ನಾವು. 'ನಮ' ಅಂದರೆ ನಿಮ್ಮನ್ನೂ ಸೇರಿಸಿಕೊಂಡು ನಾವು. ಕನ್ನಡದಲ್ಲಿ ಎಷ್ಟು ಸಲ ನಾವು ನಾವು ಅಂದರೂ ಯಾರು ಒಳಗೆ, ಯಾರು ಹೊರಗೆ ಅಂತ ತಿಳಿಯುವುದಿಲ್ಲ. ಬಾಯಮ್ಮನ ಬಾಯಲ್ಲಿ ಬಂದದ್ದು 'ನಮ'. ಅದರಲ್ಲಿ ಆಯಿ ಇದ್ದರು, ಚಪ್ಪಾಳೆಯವರೆಲ್ಲ ಇದ್ದರು, ನಿಂತೇ ಇದ್ದ ಅಯ್ಯನವರೂ ಇದ್ದರು.

ತುಳು ಬಲ್ಲ ಅಯ್ಯನವರಿಗೆ ಆ 'ನಮ' ತಿಳಿಯಿತು, ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದು ಒರೆಸಿದರು. ಎಲ್ಲಿಗೂ ಹೋಗುವುದು ಬೇಡ, ಇಲ್ಲೇ ಇರಿ ಅಂದರು. ಉಪದೇಶಿಗಳು ಗೀತೆ ಹೇಳಿ ಅಂದರು. ಅದು ಆ ದಿನವೂ ಎರಡು ರಾಗದಲ್ಲೇ ನಡೆಯಿತು, ಆದರೆ ಮೊದಲು ಮುಗಿಸಿದವರು ಕೂರದೆ ಉಳಿದವರಿಗಾಗಿ ಕಾದರು.

ಇಳಿಯುವಾಗ ಅಯ್ಯನವರು, ಈಗಲಾದರೂ ಹೆಸರು ಕೇಳಿಕೊಳ್ಳಿ ತಾಯಂದಿರೇ ಅಂದರು. ಬಾಯಮ್ಮ, "ನನ್ನ ಹೆಸರು ಸಮಾಧಾನ" ಅಂದರು. ಆಯಿ ಕಣ್ಣರಳಿಸಿ, "ಅಯ್ಯ, ನಂದೂ ಸಮಾಧಾನಽ ಐತಲ್ಲವ್ವಾ" ಅಂದರು. ಎರಡು ಸಮಾಧಾನ ಸೇರಿ ಇಷ್ಟು ವರ್ಷ ಜಗಳ ಆಡಿದ್ದವು!

ಈ ಸಮಾಧಾನದ ಕಥೆಯನ್ನು ಚಪ್ಪಲಿ ಅಂಗಡಿಯಲ್ಲಿ ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದಕ್ಕೇ ಇಲ್ಲೂ ಬರೆದೆ. ಮೆಟ್ಟಿಲಿನ ಮಾತು ನಿಜ, ಅಯ್ಯನವರ ಮಾತೂ ನಿಜ. ಹೆಸರಿನದು ಮಾತ್ರ ನಾನೇ ಕಟ್ಟಿದ್ದು. ಅವರಿಬ್ಬರೂ ಕೈ ಕೈ ಹಿಡಿದುಕೊಂಡು ಮಾತಾಡುತ್ತಾ ಇಳಿದು ಹೋದರು, ಹೆಸರು ಕೇಳುವುದನ್ನು ಮರೆತೇಬಿಟ್ಟರು.