ಮೂವತ್ನಾಲ್ಕು ಅಂಕದ ವೆಬ್ ಪುಟ

ಮೂವತ್ತು ವರ್ಷ ಅಂಕ ಕೊಟ್ಟುಕೊಂಡೇ ಸಂಸಾರ ಸಾಗಿಸಿದವನು ಕೊನೆಗೊಮ್ಮೆ ತಾನೇ ಅಂಕ ತೆಗೆದುಕೊಳ್ಳಬೇಕಾಗಿ ಬಂದರೆ ಹೇಗಿರುತ್ತದೆಂದು ನಿವೃತ್ತನಾಗುವವರೆಗೂ ನನಗೆ ಗೊತ್ತಿರಲಿಲ್ಲ. ನಾನು ತಿಪಟೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ಫೇಲಾದ ಹುಡುಗರು ಮುಖ ಊದಿಸಿಕೊಳ್ಳುತ್ತಾರೆ, ಅಳುತ್ತಾರೆ, ಒಬ್ಬಿಬ್ಬರು ಮೇಷ್ಟ್ರ ಸೈಕಲ್ಲಿನ ಗಾಳಿ ಬಿಡುತ್ತಾರೆ ಎಂಬುದನ್ನೆಲ್ಲ ಬಲ್ಲೆ. ಆದರೆ ಅರವತ್ತು ದಾಟಿದ ಮೇಲೆ ಒಂದು ಕಂಪ್ಯೂಟರು ನನಗೆ ನೂರಕ್ಕೆ ಮೂವತ್ನಾಲ್ಕು ಕೊಟ್ಟಾಗ, ಇದರ ಗಾಳಿ ಬಿಡುವುದು ಎಲ್ಲಿ ಎಂದು ನಾನೂ ಅದರ ಹಿಂಬದಿಗೆ ಬಗ್ಗಿ ನೋಡಿದ್ದು ನಿಜ. ಮೂವತ್ನಾಲ್ಕು! ಇನ್ನೊಂದೇ ಒಂದು ಅಂಕ ಬಂದಿದ್ದರೆ ಪಾಸು.

ಇದಕ್ಕೆಲ್ಲ ಮೂಲ ನನ್ನ ಹೆಂಡತಿ ಸರೋಜಳ ಬಲಭುಜ. ಬಿಳಿಗೆರೆಯಲ್ಲಿ ನಮಗೊಂದು ಸಣ್ಣ ತೆಂಗಿನ ತೋಟವಿದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕುಕ್ಕಿ ಕುಕ್ಕಿ ಕಾಯಿ ಸುಲಿದು ಅವಳ ಭುಜ ಹಿಡಿದುಕೊಂಡಿತು. ಡಾಕ್ಟರು ಇನ್ನು ಕಾಯಿ ಮುಟ್ಟಬೇಡಿ ಎಂದರು. ಇದು ಬಿಳಿಗೆರೆಯ ಕಮ್ಮಾರ ನಂಜುಂಡಾಚಾರ್ ಕಿವಿಗೆ ಬಿತ್ತು. ಆಚಾರ್ ಮಾತು ಕಡಿಮೆ. ಹದಿನೈದು ದಿನ ಕುಲುಮೆಯ ಮುಂದೆ ಏನೇನೋ ಬಡಿದು, ಸೊಂಟದೆತ್ತರದ ಒಂದು ಯಂತ್ರವನ್ನು ತಂದು ನಮ್ಮ ಜಗಲಿಯ ಮೇಲಿಟ್ಟರು. "ಕಾಯಿ ಇಡಿ, ಕಾಲಲ್ಲಿ ಒತ್ತಿ ಬುಡಿ ಅಕ್ಕ, ಅಷ್ಟೇಯ" ಎಂದರು. ಸರೋಜ ಒತ್ತಿದಳು. ಸಿಪ್ಪೆ ಮೂರು ಹೋಳಾಗಿ ಬಿಚ್ಚಿಕೊಂಡಿತು. ಕೈಗೆ ಕೆಲಸವೇ ಇಲ್ಲ.

ಅದನ್ನು ಕಂಡ ಉಮೇದಿನಲ್ಲಿ ನಾನು ನನಗೆ ಸಂಬಂಧವಿಲ್ಲದ ಒಂದು ಮಾತಾಡಿಬಿಟ್ಟೆ. "ಆಚಾರ್ರೇ, ಇಂಥವು ಇನ್ನೊಂದು ಹನ್ನೆರಡು ಮಾಡಿ. ಮಾರೋ ಜವಾಬ್ದಾರಿ ನಂದು!" ಮೇಷ್ಟ್ರ ಮಾತು ಎಂದು ನಂಬಿ ಆ ಮನುಷ್ಯ ಹನ್ನೆರಡು ಮಾಡಿದರು. ಹನ್ನೆರಡೂ ಅವರ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಕೂತವು. ಒಂದರ ಹಿಡಿಯ ಮೇಲೆ ಕೋಳಿ ಮಲಗುತ್ತಿತ್ತು. ಆರು ತಿಂಗಳಾದ ಮೇಲೆ ಒಂದು ದಿನ ಆಚಾರ್ ಮೆಲ್ಲಗೆ, "ಗುಜರಿಯೋನು ಯುಗಾದಿ ಆದ್ಮೇಲೆ ಬತ್ತೀನಿ ಅಂದವ್ನೆ ಮೇಷ್ಟ್ರೇ. ಒಡೆದು ಕೊಟ್‌ಬುಡ್ತೀನಿ. ಕುಲುಮೆ ಕೆಲ್ಸಾನೂ ಸಾಕು ಅನ್ಸೈತೆ" ಎಂದರು. ಬೈದಿದ್ದರೆ ನಾನೂ ತಿರುಗಿ ವಾದ ಮಾಡಬಹುದಿತ್ತು. ಅವರು ಬೈಯಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಯುಗಾದಿಗೆ ಎರಡು ತಿಂಗಳಿತ್ತು. ಅಷ್ಟರೊಳಗೆ ಮಾರಿಯೇ ತೀರುತ್ತೇನೆಂದು ಹಟ ಹಿಡಿದೆ.

ತಿಪಟೂರಿನಲ್ಲಿ ಎಸ್.ಟಿ.ಡಿ. ಬೂತುಗಳೆಲ್ಲ ಸೈಬರ್ ಸೆಂಟರುಗಳಾಗುತ್ತಿದ್ದ ಕಾಲ ಅದು. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಶೋಭಾ ಎಂಬ ಗೃಹಿಣಿಯೊಬ್ಬರು ಅಂಥದೊಂದನ್ನು ನಡೆಸುತ್ತಿದ್ದರು. "ಒಂದು ವೆಬ್ ಪೇಜ್ ಮಾಡ್ಕೊಡ್ತೀನಿ ಸಾರ್, ಬರವಣಿಗೆ ಮಾತ್ರ ನಿಮ್ದು" ಎಂದರು. ಬರವಣಿಗೆ! ನನ್ನ ಮೂವತ್ತು ವರ್ಷದ ಇಂಗ್ಲಿಷನ್ನೆಲ್ಲ ಧಾರೆ ಎರೆದು ಎರಡು ಪುಟ ಬರೆದೆ. ಶೀರ್ಷಿಕೆಯನ್ನು 'ಎ ಹಂಬಲ್ ಬೂನ್ ಟು ದಿ ಹಸ್ಬೆಂಡ್‌ಮನ್' ಎಂದಿಟ್ಟೆ. ಹಸ್ಬೆಂಡ್‌ಮನ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ರೈತ. ತೆಂಗಿನಕಾಯಿಯ ಹೆಸರನ್ನು ಒಂದೇ ಸಲ ಬಳಸಿ, ಉಳಿದ ಕಡೆ 'ಆ ಉದಾತ್ತ ಫಲ' ಎಂಬರ್ಥದ ಮಾತುಗಳನ್ನು ಹಾಕಿದ್ದೆ. ಹೇಳಿದ ಪದವನ್ನೇ ಮತ್ತೆ ಹೇಳಬಾರದೆಂದು ಮಕ್ಕಳಿಗೆ ಪಾಠ ಮಾಡಿದವನಲ್ಲವೆ ನಾನು.

ಯಾರು ಯಾವ ಪದ ಹುಡುಕಿ ಬಂದರೆಂದು ಶೋಭಾ ತೆಗೆದ ಲೆಕ್ಕದ ಪ್ರಕಾರ, ಒಂದು ತಿಂಗಳಲ್ಲಿ ಆ ಪುಟವನ್ನು ನೋಡಿದವರು ಮೂವರು. ಇಬ್ಬರು ನಾನು ಮತ್ತು ಶೋಭಾ. ಮೂರನೆಯವರು ಗಂಡನನ್ನು ದಾರಿಗೆ ತರುವುದು ಹೇಗೆಂದು ಹುಡುಕುತ್ತಾ 'ಹಸ್ಬೆಂಡ್' ಎಂಬ ಪದದ ಬೆನ್ನು ಹತ್ತಿ ನಮ್ಮಲ್ಲಿಗೆ ಬಂದು ನಿರಾಶರಾಗಿ ಹೋಗಿದ್ದರು.

ಆಗ ಶೋಭಾ ಪುಟವನ್ನು ಪರೀಕ್ಷೆ ಮಾಡಿ ಅಂಕ ಕೊಡುವ ಒಂದು ಸೈಟನ್ನು ತೆರೆದರು. ಜನ ಯಾವ ಪದ ಹುಡುಕಿದಾಗ ನಮ್ಮ ಪುಟ ಸಿಗಬೇಕೋ ಅದನ್ನು, ಅಂದರೆ ಕೀವರ್ಡನ್ನು, ಹೇಳಿದರೆ, ಆ ಪದ ಪುಟದಲ್ಲಿ ಎಲ್ಲೆಲ್ಲಿದೆ, ಎಷ್ಟು ಸಲ ಇದೆ ಎಂದು ಅದು ಎಣಿಸಿ ಹೇಳುತ್ತದಂತೆ. ಮೂವತ್ನಾಲ್ಕು ಬಂದದ್ದು ಆಗಲೇ. ಶೀರ್ಷಿಕೆಯಲ್ಲಿ ಕೀವರ್ಡ್ ಇಲ್ಲ, ಮೊದಲ ಪ್ಯಾರಾದಲ್ಲಿ ಇಲ್ಲ, ಚಿತ್ರಕ್ಕೆ ಹೆಸರಿಲ್ಲ. ನನ್ನ ಶೈಲಿಯ ಬಗ್ಗೆ ಒಂದು ಒಳ್ಳೆಯ ಮಾತೂ ಇಲ್ಲ.

ಮಾರನೆಯ ದಿನವೇ ಹೋಗಿ ಸಾಲಿಗೆರಡರಂತೆ ತೆಂಗಿನಕಾಯಿಯನ್ನು ತುಂಬಿದೆ. ಕಂಪ್ಯೂಟರು ಅತಿಯಾಯಿತೆಂದು ಗದರಿ ಇಪ್ಪತ್ತೊಂಬತ್ತಕ್ಕೆ ಇಳಿಸಿತು. ಅರ್ಧ ತೆಗೆದೆ. ನಲವತ್ತೆಂಟಾಯಿತು. ಶೀರ್ಷಿಕೆ ಬದಲಿಸಿ 'ಕೋಕನಟ್ ಡಿಹಸ್ಕರ್' ಎಂದು, ಕಾಯಿ ಸುಲಿಯುವ ಯಂತ್ರಕ್ಕಿರುವ ಸರಿಯಾದ ಪದ ಹಾಕಿದೆ. ಎಪ್ಪತ್ತಾಯಿತು. ಫಸ್ಟ್ ಕ್ಲಾಸು! ಆದರೂ ಪುಟದಲ್ಲಿ ನಂಬರು ಕೊಟ್ಟಿದ್ದ ಆಚಾರ್ ಮನೆಯ ಫೋನು ರಿಂಗಾಗಲಿಲ್ಲ.

"ಸಾರ್, ನೀವು ಬರೆದಿರೋ ಪದ ಸರಿ. ಆದ್ರೆ ಜನ ಅದನ್ನ ಟೈಪ್ ಮಾಡ್ಬೇಕಲ್ಲ?" ಎಂದರು ಶೋಭಾ.

ಜನ ಏನು ಟೈಪ್ ಮಾಡುತ್ತಾರೆಂದು ಕೇಳಲು ನೋಟ್‌ಬುಕ್ ಹಿಡಿದು ಕೊಬ್ಬರಿ ಮಾರುಕಟ್ಟೆಗೆ ಹೊರಟೆ. ದಬ್ಬೇಘಟ್ಟದ ಕಡೆಯ ರೈತನೊಬ್ಬ, "ಟೈಪ್ ಯಾಕ್ ಹೊಡೀಲಿ ಸಾ, ಬಸ್ ಹತ್ತಿ ಬಂದು ಆಚಾರ್‌ನೇ ಕೇಳ್ತೀನಿ ಬುಡಿ" ಎಂದ. ಬುಡುತ್ತೇನೆಯೇ? ಮೂರು ದಿನ ಬಿಡದೆ ಕೇಳಿದೆ. ಇಂಗ್ಲಿಷಿನಲ್ಲಿ ಏನನ್ನುತ್ತೀರಿ ಎಂದರೆ ಹತ್ತರಲ್ಲಿ ಎಂಟು ಜನ 'ಪೀಲಿಂಗ್ ಮಿಷನ್' ಎಂದರು. ಬರೆದು ತೋರಿಸಿ ಎಂದರೆ ಕೆಲವರು 'ಪೈಲಿಂಗ್' ಎಂದು ಬರೆದರು. ಕೋಕನಟ್ಟಿಗೆ ಮೂರು ಬಗೆಯ ತಪ್ಪು ಸ್ಪೆಲ್ಲಿಂಗ್ ಸಿಕ್ಕಿತು. ಜನ ಹುಡುಕುವ ಪದಗಳೆಂದು ಶೋಭಾ ಕಂಪ್ಯೂಟರಿನಿಂದ ತೆಗೆದುಕೊಟ್ಟ ಪಟ್ಟಿಯಲ್ಲೂ ಅವೇ ಇದ್ದವು.

"ಪೀಲ್ ಮಾಡೋದು ಬಾಳೆಹಣ್ಣನ್ನ! ತೆಂಗಿನಕಾಯಿಯನ್ನಲ್ಲ. ನಾನು ಬರೆಯೋದಿಲ್ಲ" ಎಂದು ಮನೆಗೆ ಬಂದು ಗುಡುಗಿದೆ.

ಸರೋಜ ಯಂತ್ರದ ಮುಂದೆ ನಿಂತು ಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಈಗ ನಿಮ್ಮ ಇಂಗ್ಲಿಷ್ ಉಳೀಬೇಕೋ, ಆಚಾರ್ ಕುಲುಮೆ ಉಳೀಬೇಕೋ? ಒಂದು ಹೇಳ್ರೀ."

ಶೋಭಾ ಅವರ ಅಂಗಡಿಗೆ ಹೋಗಿ ಕಣ್ಣು ಮುಚ್ಚಿಕೊಂಡು 'ಪೀಲಿಂಗ್ ಮಿಷನ್' ಎಂದು ಶೀರ್ಷಿಕೆ ಕೊಟ್ಟೆ. ಪುಟದ ಕೆಳಗೆ 'ಹೀಗೂ ಕರೆಯುತ್ತಾರೆ' ಎಂದು ಬರೆದು, ನಾಲ್ಕು ತಪ್ಪು ಸ್ಪೆಲ್ಲಿಂಗುಗಳನ್ನು ಬೇಕೆಂದೇ ಒಂದೊಂದಾಗಿ ಟೈಪ್ ಮಾಡಿದೆ. ಪ್ರತಿಯೊಂದಕ್ಕೂ ಬೆರಳು ಹಿಂದೇಟು ಹಾಕಿತು. ಯಂತ್ರವನ್ನು ಸ್ವಚ್ಛವಾಗಿಡುವುದು ಹೇಗೆಂಬ ಪ್ಯಾರಾ ಒಂದನ್ನು ಮಾತ್ರ ಮಾನ ಉಳಿಸಿಕೊಳ್ಳಲು ಒಳ್ಳೆಯ ಇಂಗ್ಲಿಷಿನಲ್ಲಿ ಸೇರಿಸಿದೆ. ಎಂಬತ್ತೊಂದು ಬಂತು.

ಹನ್ನೊಂದನೆಯ ದಿನ ಆಚಾರ್ ತಾವೇ ಬಸ್ಸಿನಲ್ಲಿ ತಿಪಟೂರಿಗೆ ಬಂದರು. ಬಾಗಿಲಲ್ಲೇ ನಿಂತು, "ಮೇಷ್ಟ್ರೇ, ಫೋನ್ ಬಂದಿತ್ತು ಕಣ್ರೀ! ಮಿಷನ್ ಎರಡು ಬೇಕಂತೆ. ಕಂಪ್ಯೂಟರ್‌ನಾಗೆ ನೋಡಿದ್ನಂತೆ!" ಎಂದರು. ನಾನು ಉಸಿರು ಬಿಗಿಹಿಡಿದು, ಯಾವ ದೇಶದಿಂದ ಎಂದೆ.

"ಚಿಕ್ಕನಾಯ್ಕನಳ್ಳಿಯಿಂದ. ಮದುವೆ ಅಡುಗೆ ಕಂಟ್ರಾಕ್ಟ್ರು."

ಮುಕ್ಕಾಲು ಗಂಟೆಯ ಹಾದಿ. ನಮ್ಮ ಪುಟ ಇಡೀ ಪ್ರಪಂಚದ ಕಣ್ಣಿಗೆ ಬೀಳುವಂತೆ ತೂಗುಹಾಕಿಕೊಂಡಿದ್ದರೂ ಕಂಡದ್ದು ಮಾತ್ರ ಪಕ್ಕದ ತಾಲ್ಲೂಕಿಗೆ. ಆತ 'ಪೈಲಿಂಗ್' ಎಂದೇ ಟೈಪ್ ಮಾಡಿದ್ದನಂತೆ. ಆ ಅಡುಗೆಯವರು ಮದುವೆಯಿಂದ ಮದುವೆಗೆ ಯಂತ್ರ ಹೊತ್ತು ತಿರುಗಿದಂತೆ ಅಲ್ಲಿ ಕಂಡವರೂ ಕೇಳತೊಡಗಿದರು. ಯುಗಾದಿಯ ಹೊತ್ತಿಗೆ ಕೊಟ್ಟಿಗೆಯಲ್ಲಿ ಉಳಿದದ್ದು ಒಂದೇ. ಅದನ್ನು ಕೋಳಿಗಾಗಿ ಬಿಟ್ಟಿದ್ದಾರೆಂದು ಸರೋಜ ನಗುತ್ತಿದ್ದಳು. ಗುಜರಿಯವನು ಬಂದಾಗ ಆಚಾರ್ ಅವನಿಂದಲೇ ಕಬ್ಬಿಣ ಕೊಂಡರು.

ನಾನು ಬೀಗುತ್ತಿದ್ದ ಆ ದಿನಗಳಲ್ಲೇ ತುರುವೇಕೆರೆಯಿಂದ ಒಂದು ಲಕೋಟೆ ಬಂತು. ಕಳಿಸಿದವನು ಶ್ರೀಕಂಠಯ್ಯ, ನನ್ನಂತೆಯೇ ನಿವೃತ್ತನಾದ ಇಂಗ್ಲಿಷ್ ಮೇಷ್ಟ್ರು, ಹಳೆಯ ಗೆಳೆಯ. ಒಳಗೆ ನಮ್ಮ ವೆಬ್ ಪುಟದ ಪ್ರಿಂಟು. ತಪ್ಪುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಕೆಳಗೆ "ಏನಯ್ಯಾ, ಇಷ್ಟು ಬೇಗ ಮರೆತುಬಿಟ್ಟೆಯಾ?" ಎಂದು ಬರೆದಿದ್ದ.

"ಪಾಪ, ಇವನಿಗೆ ಕೀವರ್ಡಿನ ಗುಟ್ಟು ಗೊತ್ತಿಲ್ಲ ಕಣೇ. ಇವೆಲ್ಲ ನಾನು ಬೇಕೂಂತಲೇ ಹಾಕಿರೋದು" ಎಂದು ನಗುತ್ತಾ ಸರೋಜಳ ಕೈಗೆ ಕೊಟ್ಟೆ.

ಅವಳು ಬೆರಳಿಟ್ಟು ಎಣಿಸಿದಳು. "ನಾಲ್ಕು ಅಂದಿದ್ರಿ. ಇಲ್ಲಿ ಐದು ಸುತ್ತಿದೆ."

ಕಿತ್ತುಕೊಂಡು ನೋಡಿದೆ. ಐದನೆಯ ಸುತ್ತು ಇದ್ದದ್ದು ನನ್ನ ಆ ಒಳ್ಳೆಯ ಇಂಗ್ಲಿಷಿನ ಪ್ಯಾರಾದಲ್ಲಿ, 'ಮೇಂಟೆನೆನ್ಸ್' ಎಂಬ ಪದದ ಮೇಲೆ. ನಡುವೆ ಒಂದೇ 'ಇ' ಇರಬೇಕಾದ ಕಡೆ 'ಮೇಂಟೇನ್' ಪದದಲ್ಲಿರುವಂತೆ 'ಎ, ಐ' ಅಕ್ಷರಗಳೆರಡನ್ನೂ ಹಾಕಿದ್ದೆ. ಶ್ರೀಕಂಠಯ್ಯನೇ ತಪ್ಪಿದ್ದಾನೆಂದು ನಿಘಂಟು ತೆಗೆದೆ. ಅವನೇ ಸರಿ. ಮೂವತ್ತು ವರ್ಷ ಆ ಪದವನ್ನು ನಾನು ಬೋರ್ಡಿನ ಮೇಲೆ ಹಾಗೆಯೇ ಬರೆದಿದ್ದೇನೆ; ನಿಘಂಟಿನಲ್ಲಿರುವಂತೆ ಬರೆದ ಮಕ್ಕಳಿಗೆಲ್ಲ ತಪ್ಪದೆ ಅರ್ಧ ಅಂಕ ಕಳೆದಿದ್ದೇನೆ.

"ಏನಂತೆ?" ಎಂದಳು ಸರೋಜ.

"ಅದೂ ಕೀವರ್ಡೇ ಕಣೇ" ಎಂದೆ, ನಿಘಂಟನ್ನು ಮುಚ್ಚುತ್ತಾ.