ಡಬ್ಬಿಯೊಳಗೆ ಕೂತ ದನಿ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿಲ್ಲ. ಹಾನಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಯಾರನ್ನಾದರೂ ಕೇಳಿ, "ಇಲ್ರಿ, ಭಾಳ ಶ್ಯಾಣ್ಯಾ ಅದಾನ" ಎನ್ನುತ್ತಾರೆ. ಆಮೇಲೆ ನಗುತ್ತಾರೆ! ಅಲ್ಲಿಯೇ ಮಾವನ ಕಂಪ್ಯೂಟರ್ ರಿಪೇರಿ ಅಂಗಡಿ. ಆದರೆ ಮಾವ ಒಂದು ಕಡೆ ನಿಲ್ಲುವ ಆಸಾಮಿಯೇ? ಸವಣೂರಿನ ಬಸ್ಸು ಬಂಕಾಪುರದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಇಳಿದು ನಡೆಯತೊಡಗುತ್ತಾನೆ. ಬಸ್ಸೇ ಹಿಂದಿನಿಂದ ಬಂದು ಅವನನ್ನು ಹತ್ತಿಸಿಕೊಳ್ಳಬೇಕು!

ಗಂಟಲಿನ ಆಪರೇಷನ್ನಿನಲ್ಲಿ ಮಾವನ ಹೆಂಡತಿ, ನಮ್ಮ ಅತ್ತೆಯ ದನಿ ಹೋಗಿತ್ತು. ಹಳೆಯ ಕಂಪ್ಯೂಟರಿನಲ್ಲಿ ಅವಳು ಟೈಪ್ ಮಾಡಿದ್ದನ್ನು ಒಂದು ಪ್ರೋಗ್ರಾಮು ಓದಿ ಹೇಳುತ್ತಿತ್ತು. ಮೂಗು ಕಟ್ಟಿದ ಕಂಡಕ್ಟರನ ದನಿ! ಮಾವ ಅದಕ್ಕೆ ಹಟ ಹಿಡಿದು "ಬರ್ರಿ, ಕುಂಡ್ರಿ" ಕಲಿಸಿದ್ದ. ಈಗ ಆ ಕಂಪ್ಯೂಟರ್ ಕೊನೆಯುಸಿರು ಎಳೆಯುತ್ತಿತ್ತು. ಹೊಸದರಲ್ಲಿ ಹಾಕಿದರೆ ಈ ಪ್ರೋಗ್ರಾಮಿಗೂ ಅಲ್ಲಿನ ಬೇರೆ ಪ್ರೋಗ್ರಾಮುಗಳಿಗೂ ಜಗಳ. ಮೊಬೈಲಿನ ಸೊಗಸಾದ ಹೆಣ್ಣುದನಿ ಕೇಳಿಸಿದೆವು. ಅತ್ತೆ ಮುಖ ತಿರುಗಿಸಿ ಟೈಪ್ ಮಾಡಿದಳು: "ಇದು ನಾ ಅಲ್ಲ."

"ಹಂಗಾದ್ರ ಕಂಟೇನರಿನ್ಯಾಗ ಹಾಕ್ತೇನಿ!" ಎಂದ ಮಾವ.

ಪಕ್ಕದ ಸೈಕಲ್ ಅಂಗಡಿಯ ಚಾಚಾ ಗಾಬರಿಯಾದರು. "ಹೈವೇದಾಗ ಹೋಗೂ ಲಾರಿ ಏನ್ರಿ? ಈ ಓಣ್ಯಾಗ ತಿರಗೂದಿಲ್ರೀ!"

"ಅಲ್ರೀ ಚಾಚಾ, ಬುತ್ತಿ ಕಟ್ಟಿದಂಗ. ಪ್ರೋಗ್ರಾಮು, ಅದಕ್ಕ ಬೇಕಾದ ಸಾಮಾನು, ಎಲ್ಲಾ ಒಂದ ಗಂಟು. ಬ್ಯಾರೇದರ ಜೋಡಿ ತಂಟೆ ಇಲ್ಲ."

ಅದಕ್ಕೆ ಬೇಕಾದ ವಿಂಡೋಸಿನ ಗಂಟು ಇಂಟರ್ನೆಟ್ಟಿನಿಂದ ಇಳಿಯುವಷ್ಟರಲ್ಲಿ ಮಾವ ಅಕ್ಕಿಆಲೂರಿಗೆ ಹೋಗಿ ಸಂತೆ ಮಾಡಿ ಚೀಲ ತುಂಬ ಬದನೆಕಾಯಿ ತಂದ. ಅಷ್ಟರಲ್ಲಿ ಕರೆಂಟು ಹೋಗಿತ್ತು. ಮತ್ತೆ ಮೊದಲಿನಿಂದ, ಈ ಸಲ ಹಿರೇಕೆರೂರಿಗೆ! ಗಂಟು ಇಳಿಯಿತು, ಮನೆಯಲ್ಲಿ ಬದನೆಕಾಯಿ ಇಡಲು ಜಾಗ ಉಳಿಯಲಿಲ್ಲ.

ಆಮೇಲೆ ನೋಡಿದರೆ ಈ ಕಂಟೇನರ್ ಎಂಬ ಡಬ್ಬಿಗೆ ಪರದೆಯೇ ಇಲ್ಲ! "ಒಳಗ ಕುಂತು 'ಮುಂದೆ ಒತ್ರಿ' ಅನ್ನಾಕತ್ತೈತಿ, ನನಗ ಬಟನ್ ಕಾಣವಲ್ದು!" ಎಂದು ಅಂಗಡಿ ತುಂಬ ಓಡಾಡಿದ. ಕಡೆಗೆ ಏನೂ ಕೇಳದೆ ತಾನೇ ಇನ್‌ಸ್ಟಾಲ್ ಆಗಿ ಕೂರುವಂತೆ ಪ್ರೋಗ್ರಾಮಿಗೆ ಆಜ್ಞೆ ಬರೆದು, ನನಗೆ ಫೋನ್ ಮಾಡಿದ.

"ಓಡಾಕತ್ತೈತಿ!"

"ಕಾಣಾಕತ್ತೈತೇನು ಮಾಮಾ?"

"ಕಾಣೂದಿಲ್ಲ."

"ದನಿ?"

"ದನೀನೂ ಇಲ್ಲ."

"ಮತ್ತ ಓಡಾಕತ್ತೈತಿ ಅಂತ ಹೆಂಗ ಗೊತ್ತಾತು?"

"ಎರರ್ ಬಂದಿಲ್ಲ!"

ಪ್ರೋಗ್ರಾಮು ಮಾತನ್ನು ಫೈಲಾಗಿಯೂ ಉಳಿಸುತ್ತದೆ ಎಂದು ಹೊಳೆದದ್ದು ಒಂದು ವಾರ ಚಡಪಡಿಸಿದ ಮೇಲೆ. ಅತ್ತೆ ಬರೆದದ್ದು ಡಬ್ಬಿಯೊಳಗೆ ಹೋಗಬೇಕು, ದನಿ ಫೈಲಾಗಿ ಹೊರಗಿನ ಫೋಲ್ಡರಿಗೆ ಬರಬೇಕು, ಹೊಸ ಕಂಪ್ಯೂಟರ್ ಅದನ್ನು ನುಡಿಸಬೇಕು. ಎಲ್ಲ ಮನೆಯಲ್ಲಿ ಜೋಡಿಸಿ, ನನ್ನನ್ನೂ ಕರೆಸಿ, ಅತ್ತೆಯನ್ನು ಮುಂದೆ ಕೂರಿಸಿದ ಮಾವ, ನೋಡುವ ಧೈರ್ಯವಾಗದೆ ಹಿತ್ತಲಿಗೆ ಓಡಿದ.

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ, ಒಂದೇ ಒಂದು ಪದ ಟೈಪ್ ಮಾಡಿದಳು. ಫೋಲ್ಡರಿನಲ್ಲಿ ಒಂದು ಫೈಲು ಮೂಡಿತು. ಆಮೇಲೆ ಆ ಮೂಗಿನ ದನಿ ಮನೆ ತುಂಬ ಕೂಗಿತು, ಮಾವನ ಹೆಸರನ್ನು. ಬರೀ ಹೆಸರು! ದನಿ ಇದ್ದಷ್ಟು ಕಾಲವೂ ಅತ್ತೆ "ಏನ್ರೀ" ಎಂದವಳೇ ಹೊರತು ಗಂಡನ ಹೆಸರು ಹಿಡಿದು ಕರೆದವಳಲ್ಲ. ಈಗ ಸೆರಗಿನಿಂದ ಮುಖ ಮುಚ್ಚಿಕೊಂಡು, ಬೆರಳು ಮಾತ್ರ ಮುಂದೆ ಚಾಚಿ, ಮತ್ತೊಮ್ಮೆ ಒತ್ತಿದಳು.

"ಓ..." ಎಂದಿತು ಹಿತ್ತಲಿನಿಂದ ಒಂದು ಒದ್ದೆ ದನಿ. "ಬಂದ್ನಿ, ಬಂದ್ನಿ. ಇನ್ನೊಮ್ಮೆ ಕರಿ."